ಕೊಡಲಿ ಮುಟ್ಟದ ಅಡವಿ

"ಇಳಸಬ್ಯಾಡ್ರಿ, ಒಂದೂ ಇಳಸಬ್ಯಾಡ್ರಿ!"

ಗಂಡನ ಹೆಣದ ಬದಿಯಿಂದೆದ್ದು ಸಾಬಮ್ಮ ಅಂಗಳಕ್ಕೆ ಬರುವಷ್ಟರಲ್ಲಿ ಟೆಂಪೋದಿಂದ ಅರ್ಧ ಕಟ್ಟಿಗೆ ಕೆಳಗೆ ಬಿದ್ದಿತ್ತು. ಕಲಬುರಗಿಯಿಂದ ಕಮಲಾಪುರದ ತನಕ ತಾನೇ ಗಾಡಿ ಹೊಡಕೊಂಡು ಬಂದ ಜಾವೀದ್, ಕೈಯಲ್ಲಿದ್ದ ತುಂಡನ್ನು ಹಿಡಿದು ಹಾಗೇ ನಿಂತ. ಅವನ ಕಟ್ಟಿಗೆ ಅಡ್ಡೆಯಲ್ಲಿ ಸಾಬಮ್ಮನ ಗಂಡ ತುಕಾರಾಮ ಮೂವತ್ತೊಂದು ವರ್ಷ ಕೊಡಲಿ ಹಿಡಿದಿದ್ದ.

"ಯಾಕ ಭಾಭಿ? ಎಲ್ಲಾ ಒಣ ಜಾಲಿ. ಹ್ವಾದ ತಿಂಗಳು ಅವನೇ ಸೀಳಿ ಒಟ್ಟಿದ್ದು. ಬ್ಯಾರೆಯವರಿಗೆ ಮಾರಾಕ ಮನಸ್ಸಾಗಲಿಲ್ಲ."

"ಸುಡಂಗಿಲ್ರಿ. ಹೂಳೂದು. ಮಾತು ಕೊಟ್ಟೀನಿ."

ಮೈದುನ ಸುನೀಲಕುಮಾರ ಹಣೆ ಹಣೆ ಬಡಿದುಕೊಂಡ. "ವೈನಿ, ಸುಡೂದಂತ ಎಲ್ಲಾರಿಗೂ ಫೋನ್ ಮಾಡೀನಿ. ನಾಕಕ್ಕ ವಿಹಾರದ ಭಂತೇಜಿ ಬರ್ತಾರ. ಆ ಜಪಾನದ ಮಾತು ಹಿಡಕೊಂಡು ಈಗ ತಕರಾರು ತೆಗೀಬ್ಯಾಡ."

"ಅದೊಂದು ಬಿಟ್ಟು ಅಂವ ನನ್ನ ಏನೂ ಕೇಳಿಲ್ಲಪ್ಪಾ." ದನಿ ಏರಿಸುವ ತ್ರಾಣ ಅವಳಲ್ಲಿರಲಿಲ್ಲ.

*

ವಿಹಾರದವರ ಸಂಗಡ ತುಕಾರಾಮ ಜಪಾನಿಗೆ ಹೋಗಿಬಂದು ಎಂಟು ವರ್ಷವಾಗಿತ್ತು. ಬಂದ ರಾತ್ರಿ ಉಣ್ಣಲು ಕೂತವನು ಅಲ್ಲಿನ ಬುದ್ಧನ ದೊಡ್ಡ ಮೂರ್ತಿಯ ಸುದ್ದಿಯನ್ನು ಎರಡೇ ಮಾತಿನಲ್ಲಿ ಮುಗಿಸಿ ಅಡವಿಯ ಮಾತಿಗೆ ಬಂದಿದ್ದ. ಗುಡಿಯೊಂದರ ಹಿಂದಿನ ಗುಡ್ಡ. ಸಾವಿರ ವರ್ಷದಿಂದ ಅಲ್ಲಿ ಯಾರೂ ಮರಕ್ಕೆ ಕೊಡಲಿ ಹಾಕಿಲ್ಲವಂತೆ.

"ದಾರಿ ಮಗ್ಗಲಕ್ಕ ಒಂದು ಮರ ಬಿದ್ದಿತ್ತು ನೋಡು. ನಾಕು ಮಂದಿ ತಬ್ಬಿದ್ರೂ ಸಾಲೂದಿಲ್ಲ. ಎಲ್ಲಿ ಏಟು ಹಾಕಿದ್ರ ಸೀಳ್ತದಂತ ಕೈಯಾಡಿಸಿ ನೋಡಾಕತ್ತಿದ್ದೆ. ಕರಕೊಂಡು ಹೋದ ಹೆಣ್ಣಮಗಳು ಓಡಿ ಬಂದ್ಲು."

"ಬೈದಳೇನು?"

"ನಕ್ಕಳು. ಬಿದ್ದಿದ್ದನ್ನೂ ಎತ್ತಂಗಿಲ್ಲಂತ. ಬಿದ್ದಲ್ಲೇ ಮಣ್ಣಾಗಬೇಕಂತ." ರೊಟ್ಟಿ ಮುರಿಯುತ್ತ ಅಂದ: "ನನ್ನೂ ಹಂಗ ಬಿಡು. ನನ್ನ ಸಲುವಾಗಿ ಒಂದು ಕಟ್ಟಿಗಿ ಸುಡಬ್ಯಾಡ."

"ಆತು, ಉಣ್ಣು." ಹಿಟ್ಟಿನ ಕೈಯಲ್ಲೇ ಅವಳು ಮಾತು ಕೊಟ್ಟಳು.

ಮರುದಿನ ಆರಕ್ಕೆ ಅವನು ಮತ್ತೆ ಅಡ್ಡೆಗೆ ಹೋದ. ಹೊಟ್ಟೆ ಕೇಳಬೇಕಲ್ಲ.

*

"ಅಷ್ಟು ದೂರದಿಂದ ತಂದಾರ. ವಾಪಸ್ ಕಳಸೂದು ಮರ್ಯಾದಿ ಏನು?" ಸುನೀಲಕುಮಾರ ಬಿಡಲಿಲ್ಲ.

ಸಾಬಮ್ಮ ಬಗ್ಗಿ ಒಂದು ತುಂಡು ಎತ್ತಿ ಟೆಂಪೋಕ್ಕೆ ಹಾಕಿದಳು. ಇನ್ನೊಂದು. ಮೂರನೆಯದಕ್ಕೆ ಉಸಿರು ಹತ್ತಿ ಗಾಲಿ ಹಿಡಿದು ಕೂತಳು. ಜಾವೀದ್ ಅದನ್ನು ಅವಳ ಕೈಯಿಂದ ತೆಗೆದುಕೊಂಡ.

"ಸಿಟ್ಟಾಗಬ್ಯಾಡ್ರಿ ಭಾಯ್."

"ಸಿಟ್ಟಲ್ಲ ಭಾಭಿ. ಅವಗ ನಾ ಏನೂ ಕೊಟ್ಟಂಗಾಗಲಿಲ್ಲಲ್ಲ."

"ಮಣ್ಣು ಕೊಡ್ರಿ. ನಿಮ್ಮೊಳಗೂ ಕೊಡ್ತಾರಲ್ಲ."

ಜಾವೀದ್ ತಲೆತಗ್ಗಿಸಿದ. ಸುನೀಲಕುಮಾರ ಇಬ್ಬರನ್ನೂ ಒಮ್ಮೆ ನೋಡಿ, "ಸಲಿಕಿ ಎಲ್ಲದ ವೈನಿ?" ಎಂದ.

ಭಂತೇಜಿ ಪಠಣ ಮುಗಿಸಿದಾಗ ಐದಾಗಿತ್ತು. ಜಾವೀದ್ ಚಪ್ಪಲಿ ಕಳಚಿ ತೋಡಿದ ಕುಣಿಯ ಅಂಚಿಗೆ ಮೊಣಕಾಲೂರಿದ. ತನ್ನವರ ಪದ್ಧತಿಯಂತೆ ಮೂರು ಹಿಡಿ ಮಣ್ಣು ಹಾಕಿದ. ಏಳಲಿಲ್ಲ. ಸುನೀಲಕುಮಾರ ಸಲಿಕೆ ನೀಡಿದರೂ ತಿರುಗಿ ನೋಡದೆ ಎರಡೂ ಕೈಯಿಂದ ಬಾಚಿ ಬಾಚಿ ಹಾಕುತ್ತಲೇ ಇದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳು ಮೊಣಕೈ ತನಕ ಕಮಲಾಪುರದ ಕೆಂಪು ಹಿಡಿದಿತ್ತು.