ಮಂತ್ರಿಯ ಅತ್ತೆಯರು

"ಅಳಿಯ ಮಂತ್ರಿಯಾದ ಅಂತ ಚಾಕು ಮಲಗಿಸಿಬಿಟ್ಯೇನೇ ಲೇಸಾವು? ಕೆತ್ತೇ ಮುದುಕಿ!"

ತೋಟದ ಫ್ರೆಂಚ್ ಧಣಿ ಗಾರ್ನಿಯೆ ನನ್ನ ಮುಂದಿದ್ದ ತೆಂಗಿನ ಹೋಳನ್ನು ಬೂಟುಗಾಲಿನಿಂದ ಒದ್ದ. ಅದು ಉರುಳಿ ಪಕ್ಕದಲ್ಲಿದ್ದ ತಂಗಿ ಲೇಮಾತಾಳ ಮೊಣಕಾಲಿಗೆ ಬಡಿಯಿತು. ನಾನು ಇನ್ನೊಂದು ಹೋಳು ತೆಗೆದುಕೊಂಡೆ. ಚಾಕು ಒಳಗಿಟ್ಟು ಒಮ್ಮೆ ತಿರುಗಿಸಿದರೆ ತಿರುಳು ಚಿಪ್ಪು ಬಿಟ್ಟು ಬರುತ್ತದೆ. ಧಣಿಯ ನಾಲಗೆಗೆ ಅಂಥ ಚಾಕು ಇನ್ನೂ ಯಾರೂ ಮಾಡಿಲ್ಲ.

"ಮಂತ್ರಿಯ ಅತ್ತೆ ಕೊಬ್ಬರಿ ಕೆತ್ತೋದು! ವನುವಾಟು ದೇಶಕ್ಕೆ ಬೇರೆ ಬಾವುಟ ಯಾಕೆ?" ಎಂದು ನಕ್ಕು, ನನ್ನ ಅಳಿಯನ ಹೆಸರನ್ನು ಬೇಕೆಂದೇ ಗಟ್ಟಿಯಾಗಿ ಕೂಗಿದ. ಸಾಲಾಗಿ ಕೂತಿದ್ದವರೆಲ್ಲ ಜಿಡ್ಡುಗೈಯಲ್ಲೇ ಕಿವಿ ಮುಚ್ಚಿಕೊಂಡೆವು. ಅದನ್ನು ನೋಡುವುದಕ್ಕೇ ಅವನು ಕೂಗುತ್ತಿದ್ದ.

ಅಳಿಯನ ಹೆಸರು ಅತ್ತೆಯ ಬಾಯಲ್ಲಿ ಬರಬಾರದು, ಅವನ ಎದುರಿಗೆ ಅವಳು ನಿಲ್ಲಬಾರದು. ನಮ್ಮಲ್ಲಿ ಅತ್ತೆ ಎಂದರೆ ಹೆಣ್ಣು ಹೆತ್ತವಳೊಬ್ಬಳೇ ಅಲ್ಲ, ಅವಳ ಕುಲದ ಹೆಂಗಸರೆಲ್ಲರೂ ಅತ್ತೆಯರೇ. ಗಂಡಸರು ಮಾವಂದಿರು, ಭಾವಮೈದುನರು; ಅವರಿಗೂ ಅದೇ ಕಟ್ಟು. ಗಾರ್ನಿಯೆಯ ತೋಟದ ಆಳುಗಳೆಲ್ಲ ಒಂದೇ ಕುಲ. ಹಾಗಾಗಿ ಹೊಸ ದೇಶದ ಮೊದಲ ಮಂತ್ರಿಮಂಡಲದಲ್ಲಿ ಜಮೀನಿನ ಮಂತ್ರಿಯಾದವನಿಗೆ ಈ ತೋಟದ ತುಂಬ ಬೀಗರು, ಮಾತಿಗೆ ಮಾತ್ರ ಒಬ್ಬರೂ ಇಲ್ಲ. ಅವನ ಹೆಸರು ಇಲ್ಲಿಯೂ ಬರುವುದಿಲ್ಲ. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಹೊಸ ಬಾವುಟ ಏರಿದ ವಾರವೇ ಗಾರ್ನಿಯೆ ನಮ್ಮ ಒರತೆಯ ಸುತ್ತ ಮುಳ್ಳುತಂತಿ ಬಿಗಿದು ಬೀಗ ಜಡಿದಿದ್ದ. ನಮ್ಮ ಅಜ್ಜಿಯರು ಬಿದಿರ ಕೊಳವೆಯಲ್ಲಿ ನೀರು ಹೊತ್ತ ಒರತೆ ಅದು. "ಸರಕಾರ ನಿಮ್ದೇ ಆಯ್ತಲ್ಲ, ನೀರೂ ಅದೇ ಕೊಡ್ಲಿ," ಎಂದಿದ್ದ. ಅಂದಿನಿಂದ ನಾವು ಅವನ ದನಗಳ ತೊಟ್ಟಿಯಲ್ಲಿ ಜೊಲ್ಲು ಸರಿಸಿ ಮೊಗೆದು ಕುಡಿಯುತ್ತಿದ್ದೆವು. ಲೇಮಾತಾಳ ಮೊಮ್ಮಗಳಿಗೆ ಭೇದಿ ಹತ್ತಿ ಕಣ್ಣು ಗುಳಿ ಬಿದ್ದಿದ್ದವು.

ವಿಷಯ ಹೇಗೋ ಕಿವಿಗೆ ಬಿದ್ದು ಅಳಿಯನೇ ಬಂದ. ಕಾರಿನ ಸದ್ದು ಕೇಳಿದ್ದೇ ತಡ, ತೋಟದ ಜನವೆಲ್ಲ ಪೊದೆ ಸೇರಿದರು. ನಾನು ಕೇದಗೆ ಮೆಳೆಯ ಹಿಂದೆ ಕುಕ್ಕರಿಸಿದೆ. ನಮ್ಮ ಕುಲದ ಹಿರಿಯ ಹಂದಿಗೂಡಿಗೆ ನುಗ್ಗಿದ. ಹಂದಿ ಹೊರಗೆ ಬಂದು ಮಂತ್ರಿಯನ್ನು ಎದುರುಗೊಂಡಿತು.

"ನಿಮ್ಮ ಕಷ್ಟ ಕೇಳೋಕೆ ಬಂದಿದೀನಿ, ಹೇಳ್ರಪ್ಪಾ!" ಎಂದು ಅಳಿಯ ಕೂಗಿದ.

ಪೊದೆಗಳು ಉಸಿರೆತ್ತಲಿಲ್ಲ. ಇಂಗ್ಲಿಷರದೊಂದು, ಫ್ರೆಂಚರದೊಂದು, ನಮ್ಮ ದ್ವೀಪಗಳನ್ನು ಒಟ್ಟಿಗೆ ಆಳುತ್ತಿದ್ದ ಎರಡೆರಡು ಸರಕಾರಗಳೊಡನೆ ವಾದ ಮಾಡಿ ಗೆದ್ದವನು ಒಂದು ಕೇದಗೆ ಮೆಳೆಯ ಮುಂದೆ ಸೋತು ನಿಂತ.

ಬಾಯಿ ಬಿಟ್ಟವನು ಗಾರ್ನಿಯೆ ಒಬ್ಬನೇ. "ನೋಡಿ ಮಂತ್ರಿಗಳೇ, ನನ್ನ ಆಳುಗಳದ್ದು ಒಂದು ದೂರೂ ಇಲ್ಲ. ಆ ತಂತಿ, ನೀರಿಗೆ ಹಂದಿ ಇಳೀಬಾರ್ದು ಅಂತ ಹಾಕಿಸಿದ್ದು."

ಕಾರು ಹತ್ತುವಾಗ ಅಳಿಯ ಆಕಾಶಕ್ಕೆ ಹೇಳುವವನ ಹಾಗೆ ಹೇಳಿದ: "ಯಾರಾದ್ರೂ ಬರ್ದು ಅಂಚೆಗೆ ಹಾಕಿ. ಕಾಗದ ಇದ್ರೆ ಮಂತ್ರಿಮಂಡಲದ ಮುಂದೆ ಇಡಬಹುದು. ಇಲ್ದಿದ್ರೆ ಅತ್ತೆಮನೆಗೆ ದೋಚಿ ಕೊಟ್ಟ ಅಂತಾರೆ."

ಪಾದ್ರಿಯ ಹೆಂಡತಿ ನಡೆಸುತ್ತಿದ್ದ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವಳು ತೋಟದಲ್ಲಿ ನಾನೊಬ್ಬಳೇ. ತಂತಿ, ತೊಟ್ಟಿ, ಮಗುವಿನ ಭೇದಿ, ಎಲ್ಲ ಬರೆದೆ. ಲಕೋಟೆಯ ಮೇಲೆ 'ಜಮೀನಿನ ಮಂತ್ರಿಗಳು, ವಿಲಾ' ಎಂದಷ್ಟೇ ಬರೆದು, ರಾಜಧಾನಿಗೆ ಹೋಗುವ ಕೊಬ್ಬರಿ ಲಾರಿಯವನ ಕೈಗೆ ಕೊಟ್ಟೆ. ಅದೇ ಲಾರಿಯಲ್ಲಿ ಕಾಗದ ಹಿಂದಕ್ಕೆ ಬಂತು. ಮಂತ್ರಿಗಳು ಇನ್ನೂ ಖಾತೆ ಅದಲುಬದಲು ಮಾಡಿಕೊಳ್ಳುತ್ತಿದ್ದಾರಂತೆ, ಯಾವ ಬಾಗಿಲಿಗೂ ಬೋರ್ಡು ಬಿದ್ದಿಲ್ಲವಂತೆ. ಹೆಸರಿಲ್ಲದ ಕಾಗದ ತೆಗೆದುಕೊಳ್ಳುವುದಿಲ್ಲ ಎಂದು ಅಂಚೆಯವರು ಹೇಳಿ ಕಳಿಸಿದ್ದರು.

"ಬರ್ದುಬಿಡಕ್ಕಾ," ಎಂದಳು ಲೇಮಾತಾ. "ಬಾಯಿಗೆ ತಾನೇ ಕಟ್ಟು? ಕೈಗೇನು?"

"ಬರೀವಾಗ ನನ್ನ ತುಟಿ ಆಡ್ತದೆ ಕಣೇ. ತುಟಿ ಆಡಿಸ್ದೆ ಬರಿಯೋಕೆ ಬರಲ್ಲ ನಂಗೆ."

"ಹಂಗಾದ್ರೆ ತುಟಿ ಕಚ್ಕೊಂಡು ಬರಿ."

ಕಚ್ಚಿಕೊಂಡೂ ನೋಡಿದೆ. ಮೊದಲ ಅಕ್ಷರಕ್ಕೇ ಒಳಗೆ ನಾಲಗೆ ಆಡಿತು. ಕಾಗದ ಬುಟ್ಟಿಯ ತಳ ಸೇರಿತು. ನೆಟ್ಟ ಗೆಣಸು ಬಳ್ಳಿಯಾಗಿ ಹಬ್ಬಿದರೂ ಅದು ಅಲ್ಲೇ ಇತ್ತು.

ಅಷ್ಟರಲ್ಲಿ ಗಾರ್ನಿಯೆ ಒಂದು ಹೊಸ ಗೂಳಿ ತಂದು ಅದಕ್ಕೆ ಅಳಿಯನ ಹೆಸರಿಟ್ಟ. ಒರತೆಯ ಬಾಗಿಲಲ್ಲಿ ಅದನ್ನು ನಿಲ್ಲಿಸಿ ಎಲ್ಲರನ್ನೂ ಕರೆಸಿದ.

"ಗೂಳೀನ ಹೆಸರು ಹಿಡಿದು ಕರೆದೋಳಿಗೆ ಒಂದು ಬಕೆಟ್ ಒರತೆ ನೀರು. ಕರೀರೇ ಮುಂಡೇರಾ, ಬಾಯಿ ಸೇದೋಗಿದ್ಯಾ?"

ಲೇಮಾತಾ ಮುಂದೆ ಹೋದಳು. ಮೊಮ್ಮಗಳು ಸೊಂಟದ ಮೇಲೆ ಹಸಿ ಬಟ್ಟೆಯ ಹಾಗೆ ಜೋತುಬಿದ್ದಿದ್ದಳು. ಅವಳು ಆ ಹೆಸರು ಹೇಳಿದ್ದರೂ ನಾನು ಬೈಯುತ್ತಿರಲಿಲ್ಲ. ಲೇಮಾತಾ ಒಂದು ಕೊಬ್ಬರಿ ಚೂರು ಎತ್ತಿ ಹಿಡಿದು ಗಂಟಲು ಹರಿಯುವಂತೆ ಕರೆದಳು:

"ಬಾರೋ ಗಾರ್ನಿಯೇ! ಬಾ ನನ್ನ ದನವೇ, ಬಾ!"

ಗೂಳಿ ತಲೆಯಾಡಿಸುತ್ತ ಬಂದು ಅವಳ ಅಂಗೈ ನೆಕ್ಕಿತು.

ನಗು ಕೊನೆಯ ತೆಂಗಿನ ಸಾಲಿನವರೆಗೂ ಹೋಯಿತು. ಹಿರಿಯ ನಕ್ಕು ನಕ್ಕು ನೆಲಕ್ಕೆ ಕೂತ. ಗಾರ್ನಿಯೆ ಬಾರುಕೋಲು ಬಿಚ್ಚಿ ಲೇಮಾತಾಳ ಬೆನ್ನಿಗೆ ಬೀಸಿದ. ಅವಳು ಮಗುವಿನ ಮೇಲೆ ಬಾಗಿದಳು. ನಗು ನಿಂತಿತು. ಇನ್ನು ದನದ ತೊಟ್ಟಿಗೂ ಕೈ ಇಡುವಂತಿಲ್ಲ ಎಂದ ಧಣಿ.

ಸಂಜೆ ಅವಳ ಬೆನ್ನಿಗೆ ಸೊಪ್ಪಿನ ರಸ ಹಚ್ಚುತ್ತಿದ್ದೆ. ಬೋರಲು ಮಲಗಿದ್ದವಳ ಮುಂದೆ ಚೀನಿ ಅಂಗಡಿಯ ಉಪ್ಪುಮೀನು ಕಟ್ಟಿಬಂದ ಪತ್ರಿಕೆಯ ಹಾಳೆ ಬಿದ್ದಿತ್ತು.

"ಇಲ್ನೋಡಕ್ಕಾ. ಇಷ್ಟು ಜನ ಗಂಡಸರು ಒಟ್ಟಿಗೆ ಕೂತಿದಾರೆ, ಒಬ್ಬನಾದ್ರೂ ಹಲ್ಲು ಬಿಟ್ಟಿದಾನಾ?"

ಮಂತ್ರಿಮಂಡಲದ ಮೊದಲ ಪಟ. ಕೆಳಗಿದ್ದ ಹೆಸರುಗಳನ್ನು ಮೀನಿನ ಉಪ್ಪುನೀರು ತಿಂದುಹಾಕಿತ್ತು. ಕೊನೆಯ ಕುರ್ಚಿಯಲ್ಲಿ ಅವನಿದ್ದ. ನಾನು ಕಣ್ಣು ತಗ್ಗಿಸಿದೆ. ತಲೆ ಮಾತ್ರ ಓಡಿತು.

"ಲೇಮಾತಾ, ಆ ಚಾಕು ಕೊಡು."

ಮುಖ ಆ ಕಡೆ ತಿರುಗಿಸಿಕೊಂಡೇ ಪಟ ಕೊಯ್ದೆ. ಪಕ್ಕದ ಮಂತ್ರಿಯ ಒಂದು ಕಿವಿಯೂ ಜೊತೆಗೆ ಬಂತು.

"ಇರ್ಲಿ ಬಿಡಕ್ಕಾ," ಎಂದಳು. "ಮಂತ್ರಿ ಅಂದ್ಮೇಲೆ ಕೇಳಿಸ್ಕೊಳ್ಳೋಕೆ ಒಂದು ಕಿವಿ ಹೆಚ್ಗೇನೇ ಬೇಕು."

ಕಾಗದದ ಕೊನೆಗೆ ಅವಳ ಬೆನ್ನಿನ ಬಾಸುಂಡೆಯನ್ನೂ ಸೇರಿಸಿದೆ. ದೀವಿಹಲಸಿನ ಅಂಟು ಸವರಿ ಲಕೋಟೆಯ ಮೇಲೆ ಅಳಿಯನನ್ನು ಕೂರಿಸಿದೆ.

ಬೆಳಿಗ್ಗೆ ಕೆಲಸಕ್ಕೆ ಹೋಗಲಿಲ್ಲ. ಮಗುವನ್ನು ಅದರ ತಾಯಿಯ ಕೈಗೆ ಕೊಟ್ಟು ಇಬ್ಬರೂ ಲಾರಿಯ ಕೊಬ್ಬರಿ ಮೂಟೆಗಳ ಮೇಲೆ ಹತ್ತಿ ಕೂತೆವು. ಗಾರ್ನಿಯೆ ಓಡಿಬಂದ. "ಸಂಜೆ ಬರೋಷ್ಟರಲ್ಲಿ ನಿಮ್ಮ ಗುಡಿಸಲು ಇರೋದಿಲ್ಲ, ನೋಡ್ಕೊಳ್ಳಿ!"

"ಗೂಳೀಗೆ ನೀರು ಕುಡ್ಸು ಧಣೀ!" ಎಂದು ಲೇಮಾತಾ ಮೇಲಿಂದ ಕೂಗಿದಳು.

ವಿಲಾದಲ್ಲಿ ಅಂಚೆ ಗುಮಾಸ್ತ ಬೇರೆ ದ್ವೀಪದವನು. ಲಕೋಟೆಯನ್ನು ನೋಡಿದ, ತಿರುಗಿಸಿದ, ಮತ್ತೆ ನೋಡಿದ.

"ಏನಜ್ಜಿ ಇದು? ಹೆಸರೆಲ್ಲಿ?"

"ಅಗೋ, ಕೂತಿದಾನಲ್ಲ."

"ಇದು ನಮ್ಮ..." ಎಂದು ಅವನು ಹೆಸರು ಹೇಳಿಯೇಬಿಟ್ಟ. ನಾವು ಕಿವಿ ಮುಚ್ಚಿಕೊಳ್ಳುವಷ್ಟರಲ್ಲಿ ಅರ್ಧ ಒಳಗೆ ಹೋಗಿತ್ತು. "ಇಂಥ ವಿಳಾಸ ತಗೊಳ್ಳೋ ನಿಯಮ ಇಲ್ಲಜ್ಜಿ."

"ಬೇಡ ಅನ್ನೋ ನಿಯಮ ಐತಾ?" ಎಂದಳು ಲೇಮಾತಾ. "ಹೋಗ್ಲಿ, ಈ ಮಂತ್ರಿ ಯಾರೋ ನಂಗೊತ್ತಿಲ್ಲ ಅಂತ ಒಂದು ಸಾಲು ಬರ್ದು ಕೊಡು. ವಾಪಸ್ ತಗೊಂಡೋಗ್ತೀವಿ."

ಗುಮಾಸ್ತ ಅವಳನ್ನು ನೋಡಿದ. ಗೋಡೆಗೆ ತೂಗುಹಾಕಿದ್ದ ಅದೇ ಮಂತ್ರಿಮಂಡಲದ ಪಟವನ್ನು ನೋಡಿದ. ಆಮೇಲೆ ಹೊಸ ದೇಶದ ಸ್ಟಾಂಪೊಂದನ್ನು ನೆಕ್ಕಿ ಅಂಟಿಸಿ ಮುದ್ರೆ ಎತ್ತಿಕೊಂಡ.

"ಮೆಲ್ಲಗಪ್ಪಾ," ಎಂದೆ. "ಮುಖಕ್ಕೆ ಬೀಳ್ದಂಗೆ ಹೊಡಿ. ಅಳಿಯ ಅವನು."

ಗುಮಾಸ್ತನ ಕೈ ಮೇಲೆ ಹೋಯಿತು. ಪಕ್ಕದಲ್ಲಿದ್ದ ಲೇಮಾತಾ ತಾನೇ ತಾನಾಗಿ ಬೆನ್ನು ಕುಗ್ಗಿಸಿದಳು. ಧಡ್ ಎಂದಿತು. ಕಾಗದ ಚೀಲಕ್ಕೆ ಬಿತ್ತು.