ಓಣಿಯಲ್ಲಿ ನಾನೂರು, ಪಟ್ಟಿಯಲ್ಲಿ ಹನ್ನೊಂದು

ಮೂರನೇ ವಾರವೂ ನಲ್ಲಿಯಲ್ಲಿ ನೀರಿರಲಿಲ್ಲ. ರಾಜಧಾನಿ ಲುಸಾಕಾದಿಂದ ಎರಡು ಗಂಟೆ ಬಸ್ಸಿನ ದಾರಿಯ ಒಂದು ಊರಿನಲ್ಲಿ, ವಿದ್ಯಾರ್ಥಿಗಳ ಬಾಡಿಗೆ ಕೋಣೆಗಳ ಓಣಿಯೊಂದರಲ್ಲಿ, ನಾಮುಕೋಲೊ ಎರಡು ಬಕೆಟ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಬೆಳಗಿನ ಪಾಠ ಆಗಲೇ ತಪ್ಪಿತ್ತು. ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳುವುದಕ್ಕೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ.

ಕೋಣೆಯಲ್ಲಿ ಗೆಳತಿ ಮುಟಿಂಟಾ ಚಪ್ಪಲಿ ಹುಡುಕುತ್ತಿದ್ದಳು. ಬಾವಿಯ ಕೆಟ್ಟ ನೀರು ಕುಡಿದು, ವಾಂತಿಭೇದಿಯಾಗಿ, ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ನಿನ್ನೆಯಷ್ಟೇ ಬಂದಿದ್ದಳು. ಪರೀಕ್ಷೆಯೂ ಕೈತಪ್ಪಿತ್ತು.

“ಎಲ್ಲಿಗೇ ಹೊರಟೆ? ನಿಲ್ಲೋಕೇ ಆಗ್ತಿಲ್ಲ ನಿಂಗೆ.”

“ವಾರ್ಡ್ ಸಭೆಗೆ. ನೀರಿನ ವಿಷ್ಯ ಕೇಳ್ಬೇಕು.”

“ಯಾರು ಬಂದ್ರೂ ಅಷ್ಟೇ ಕಣೇ. ನಮ್ಮ ಮಾತು ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.”

“ಹಾಗಾದ್ರೆ ಸುಮ್ನೆ ತೋಳು ಹಿಡ್ಕೊಂಡು ಬಾ. ದಾರೀಲಿ ಬಿದ್ರೆ ಎತ್ತೋಕಾದ್ರೂ ಒಬ್ರು ಬೇಕಲ್ಲ.”

ಬೈದುಕೊಳ್ಳುತ್ತಲೇ ನಾಮುಕೋಲೊ ಹೊರಟಳು.

ಸಭೆ ಸೇರಿದ್ದ ಶಾಲೆಯ ಅಂಗಳದ ತುಂಬ ಮಾರುಕಟ್ಟೆಯ ಹೆಂಗಸರೇ ಇದ್ದರು. ಮುಟಿಂಟಾ ಗೆಳತಿಯ ತೋಳು ಹಿಡಿದು ಎದ್ದು ನಿಂತಳು. “ಸಾರ್, ಮಾರ್ಕೆಟ್ಟಿಗೆ ಹೊಸ ಪೈಪು ಬಂತು. ಅಲ್ಲಿಂದ ಇನ್ನೂರು ಹೆಜ್ಜೆ ನಮ್ಮ ಓಣಿ. ನಮಗ್ಯಾಕೆ ಬರ್ಲಿಲ್ಲ?”

ವಾರ್ಡ್ ಸದಸ್ಯರು ಕೆಟ್ಟವರೇನಲ್ಲ, ಅವರೂ ದಣಿದಿದ್ದರು. “ಮಗಳೇ, ನಿಮ್ಮ ಓಣೀಲಿ ಎಷ್ಟು ಮಂದಿ?”

“ನಾನೂರು.”

ಅವರು ಮತದಾರರ ಪಟ್ಟಿ ತಿರುವಿದರು. “ಇಲ್ಲಿ ಹನ್ನೊಂದೇ ಹೆಸರಿದೆ. ಈ ಹೆಂಗಸ್ರು ಪ್ರತಿ ಸಭೆಗೂ ಬಂದು ನನ್ನ ಜೀವ ತಿಂತಾರೆ. ನೀವು ಇವತ್ತೇ ಮೊದ್ಲು ಬಂದಿದ್ದು. ಪೈಪು ಎತ್ಲಾಗೆ ಹೋಗುತ್ತೆ, ನೀನೇ ಹೇಳು.”

ಎಲ್ಲರೂ ನಕ್ಕರು. ನಾಮುಕೋಲೊಗೆ ನಗು ಬರಲಿಲ್ಲ. ಅವಳ ಹೆಸರು ದೂರದ ಹುಟ್ಟೂರು ಮೊಂಗುವಿನ ಪಟ್ಟಿಯಲ್ಲಿತ್ತು. ಕಳೆದ ಚುನಾವಣೆಗೆ ಅಲ್ಲಿಗೆ ಹೋಗಲಾಗಿರಲಿಲ್ಲ, ಇಲ್ಲಿ ಮತ ಹಾಕುವಂತಿರಲಿಲ್ಲ.

“ಹೆಸ್ರು ಇಲ್ಲಿಗೆ ತರೋದು ಕಷ್ಟಾನಾ?” ಮರಳುವ ದಾರಿಯಲ್ಲಿ ಕೇಳಿದಳು.

“ಗುರುತಿನ ಚೀಟಿ, ಮತದಾರರ ಚೀಟಿ ತಗೊಂಡು ಸಾಲಲ್ಲಿ ನಿಲ್ಲೋದು. ಶನಿವಾರ ಕೊನೇ ದಿನ.”

“ಆಮೇಲೆ ನೀರು ಬರುತ್ತಾ?”

“ಗೊತ್ತಿಲ್ಲ ಕಣೇ. ನಾವು ಲೆಕ್ಕಕ್ಕಾದ್ರೂ ಬರ್ತೀವಿ.”

ಮುಟಿಂಟಾ ಮತ್ತೆ ಹಾಸಿಗೆ ಹಿಡಿದಳು. ಹೆಸರು ಬರೆಸಿ ಎಂದು ಬಾಗಿಲು ಬಾಗಿಲು ತಟ್ಟುವ ಕೆಲಸ ನಾಮುಕೋಲೊ ಪಾಲಿಗೆ ಬಂತು. “ಮಲಗೋಕೆ ಬಿಡು ತಾಯಿ” ಎಂದವರೇ ಹೆಚ್ಚು. ಒಬ್ಬನಂತೂ, “ಯಾವ ಪಕ್ಷದವ್ರು ಕಳ್ಸಿದ್ದು ನಿನ್ನ?” ಎಂದ.

“ಒಣಗಿದ ನಲ್ಲಿ ಕಳ್ಸಿದ್ದು. ಏಳು ಮೇಲೆ!”

ಶನಿವಾರ ಬಿಸಿಲಲ್ಲಿ ಐದು ಗಂಟೆ ನಿಂತು ನೂರ ಎಂಬತ್ತಾರು ಮಂದಿ ಹೆಸರು ಬರೆಸಿದರು. ಮುಂದಿನ ಸಭೆಗಳಿಗೆ ಮೂವತ್ತು ನಲವತ್ತು ಮಂದಿ ತಪ್ಪದೆ ಹೋದರು. ನಾಲ್ಕು ತಿಂಗಳಾದ ಮೇಲೆ ಓಣಿಗೆ ಪೈಪು ಬಂತು. ನೀರು ವಾರಕ್ಕೆ ಮೂರೇ ದಿನ. ಉಳಿದ ನಾಲ್ಕು ದಿನದ ಜಗಳ ಇನ್ನೂ ನಡೆದಿದೆ. ಮುಟಿಂಟಾಳ ಪರೀಕ್ಷೆ ಮಾತ್ರ ಹೋದದ್ದು ಹೋಯಿತು. ಒಂದು ವರ್ಷ ಹೆಚ್ಚು ಓದಬೇಕಾಯಿತು.

ಓದುವ ಮಕ್ಕಳೇ, ದಣಿವು ನಿಮಗೂ ಇದೆ, ಗೊತ್ತು. ದಣಿದುಕೊಂಡೇ ಹೋಗಿ. ಹದಿನೆಂಟು ತುಂಬಿದ್ದರೆ, ನೀವೀಗ ವಾಸವಿರುವ ಊರಿನ ಪಟ್ಟಿಯಲ್ಲಿ ಹೆಸರಿದೆಯೇ ಇವತ್ತೇ ನೋಡಿ. ಇಲ್ಲದಿದ್ದರೆ ಬರೆಸಿ, ಮತ ಹಾಕಿ, ಹಾಕಿದ ಮೇಲೂ ಸಭೆಗೆ ಹೋಗಿ ಕೇಳಿ. ನೀವು ಹೋಗದ ಸಭೆಯಲ್ಲೂ ನಿಮ್ಮ ಬದುಕಿನ ತೀರ್ಮಾನ ಆಗಿಯೇ ಆಗುತ್ತದೆ.