ಡಬ್ಬಿಯ ತಳದ ಒಂದು ಸೆಂಟು

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ನದೀನಳ ಹೋಟೆಲಿನ ಹಿಂದಿನ ಮೇಜು ಚಾಕುವಿನವರದ್ದು, ಅಂದರೆ ಒಳ್ಳೊಳ್ಳೆ ಚಾಕು ಕೂಡಿಡುವ, ಕೊಂಡು ಮಾರುವ ಹುಚ್ಚಿನವರದ್ದು. ಗೊತ್ತಿಲ್ಲದೆ ಬೇರೆ ಯಾರಾದರೂ ಅಲ್ಲಿ ಕೂತರೆ ನದೀನ್ ಕಾಫಿ ಸುರಿಯುವ ಮೊದಲೇ ಎಬ್ಬಿಸಿ ಕಳಿಸುತ್ತಾಳೆ. ಒಂದು ಕಾಲದಲ್ಲಿ ಒಂಬತ್ತು ಜನ ಸೇರುತ್ತಿದ್ದರು, ಈಗ ಮೂವರು: ಗ್ಯಾಸಿನ ಲಾರಿ ಓಡಿಸಿ ನಿವೃತ್ತನಾದ ರಾಯ್ಸ್, ಜೀವಮಾನವೆಲ್ಲ ಕಾರ್ಖಾನೆಯ ಲೇತಿನ ಮುಂದೆ ನಿಂತ ಎಜೆಲ್, ಮತ್ತೆ ಥರ್ಮನ್ ಲಾಫ್ಟಿಸ್.

ಥರ್ಮನ್ ಏಳು ವಾರದಿಂದ ಬಂದಿರಲಿಲ್ಲ. ಹೆಂಡತಿ ವರ್ನಾ ಹೋಗಿ ಏಳು ವಾರವಾಗಿತ್ತು.

ಹಲ್ಲು ಕೀಳುವ ಡಾಕ್ಟರು ಒಸಡಿಗೆ ಸೂಜಿ ಚುಚ್ಚಿ ಕೂರಿಸಿರುತ್ತಾರಲ್ಲ, ಕೆನ್ನೆ ಮುಟ್ಟಿದರೆ ಬೇರೆ ಯಾರದೋ ಕೆನ್ನೆ ಮುಟ್ಟಿದ ಹಾಗೆ ಇರುತ್ತದಲ್ಲ, ಈ ಏಳು ವಾರ ಅವನು ಪೂರ್ತಿಯಾಗಿ ಹಾಗಿದ್ದ. ಮಣ್ಣು ಮಾಡುವಾಗಲೂ ಕಣ್ಣಲ್ಲಿ ಹನಿ ಬಂದಿರಲಿಲ್ಲ. ಸೋಮವಾರ ಅಂಚೆಯಲ್ಲಿ ಒಂದು ಪಾರ್ಸೆಲ್ ಬಂತು. ಮೇಲೆ ವರ್ನಾಳ ಹೆಸರು. ಒಳಗೆ ಗಾರ್ಲೆಂಡ್ ಸೈಪ್ಸ್ ಕೈಯಾರೆ ಮಾಡಿದ ಮಡಿಸುವ ಚಾಕು. ಆ ಮನುಷ್ಯನ ಚಾಕುವಿಗೆ ಮೂರು ವರ್ಷ ಸರದಿ ಕಾಯಬೇಕು. ಗಂಡನ ಎಪ್ಪತ್ತನೇ ಹುಟ್ಟುಹಬ್ಬಕ್ಕೆಂದು ಅವಳು ಗುಟ್ಟಾಗಿ ಹೆಸರು ಬರೆಸಿ, ಹಣವನ್ನೂ ಮುಂಚೆಯೇ ಕಟ್ಟಿದ್ದಳು. ಈಗಲಾದರೂ ಅಳು ಬರುತ್ತದೆ ಅಂತ ಥರ್ಮನ್ ಅಡುಗೆಮನೆಯ ಕುರ್ಚಿಯ ಮೇಲೆ ಕೂತು ಕಾದ. ಬರಲಿಲ್ಲ. ಅದರಿಂದ ಅವನಿಗೆ ಹೆದರಿಕೆಯಾಯಿತು. ಈ ಚಾಕು ಮನೆಯಲ್ಲಿರುವುದು ಬೇಡ, ಗುರುವಾರ ಮಾರಿಬಿಡೋಣ ಅಂದುಕೊಂಡ.

ಗುರುವಾರ ನದೀನಳ ಹೋಟೆಲಿಗೆ ಬಂದು ಡಬ್ಬಿ ಮೇಜಿನ ಮೇಲಿಟ್ಟ. ಯಾರು ತರಿಸಿದ್ದು ಅಂತ ಹೇಳಲಿಲ್ಲ.

"ಸೈಪ್ಸ್ ಚಾಕು!" ರಾಯ್ಸ್ ತಟ್ಟೆಯನ್ನೇ ಆಚೆ ತಳ್ಳಿದ. "ಲೋ ಥರ್ಮನ್, ಕಳ್ಳ ನೀನು. ಒಂದು ಮಾತು ಹೇಳಲಿಲ್ವಲ್ಲೋ. ಎಷ್ಟು ಬಿತ್ತು?"

"ನಾನೂರ ಎಂಬತ್ತೈದು ಡಾಲರ್."

"ನನ್ನ ಮೊದಲನೇ ಕಾರು ಅದಕ್ಕಿಂತ ಅಗ್ಗ," ಅಂದ ಎಜೆಲ್.

"ನಿನ್ನ ಕಾರು ಬೆಟ್ಟ ಹತ್ತುವಾಗ ನಾವು ಇಳಿದು ತಳ್ತಿದ್ವಲ್ಲಪ್ಪ," ಅಂದ ರಾಯ್ಸ್. "ಇದನ್ನ ಯಾರೂ ತಳ್ಳಬೇಕಾಗಿಲ್ಲ. ಮೊದಲು ಕೈಯಲ್ಲಿರೋ ಗ್ರೇವಿ ಒರೆಸ್ಕೊ, ಆಮೇಲೆ ಮುಟ್ಟು."

ಎಜೆಲ್ ಕೈ ಒರೆಸಿಕೊಂಡ. ಈ ಬಗೆಯ ಚಾಕುವಿಗೆ ಅಲಗನ್ನು ಹಿಡಿದಿಡುವ ಕೊಕ್ಕೆ ಇರುವುದಿಲ್ಲ. ಬೆನ್ನಿನಲ್ಲಿರುವ ಸ್ಪ್ರಿಂಗಿನ ಬಿಗಿಯಲ್ಲೇ ಅಲಗು ನಿಲ್ಲಬೇಕು, ಮುಚ್ಚಬೇಕು. ಮಾಡಿದವನ ಯೋಗ್ಯತೆಯೆಲ್ಲ ಆ ಬಿಗಿಯಲ್ಲಿ, ಮುಚ್ಚುವಾಗ ಬರುವ ಸದ್ದಿನಲ್ಲಿ. ಎಜೆಲ್ ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಸ್ಪ್ರಿಂಗಿನ ಪಕ್ಕದಲ್ಲಿ ಕೂದಲೆಳೆಯಷ್ಟೂ ಬೆಳಕು ತೂರಲಿಲ್ಲ. ಉಗುರು ಸಿಕ್ಕಿಸಿ ಅಲಗು ಎತ್ತಿದ, ಕಿವಿಯ ಹತ್ತಿರ ತಂದು ಮುಚ್ಚಿದ. ಟಕ್.

"ಸದ್ದೇನೋ ಚೆನ್ನಾಗಿದೆ," ಅಂದ ಒಲ್ಲದ ಮನಸ್ಸಿನಿಂದ. "ಆದ್ರೆ ಮುಚ್ಚುವಾಗ ಅರ್ಧ ದಾರೀಲಿ ಒಂದ್ಸಲ ನಿಲ್ಲುತ್ತೆ ನೋಡು. ಅದು ಯಾಕೆ ಬೇಕು? ನುಣ್ಣಗೆ ಒಂದೇ ಉಸಿರಿಗೆ ಮುಚ್ಚಬೇಕಪ್ಪ."

"ಬೆರಳು ಉಳೀಲಿ ಅಂತ ಕಣೋ," ಅಂದ ರಾಯ್ಸ್.

"ಐವತ್ತು ವರ್ಷದಿಂದ ಅರ್ಧಕ್ಕೆ ನಿಲ್ಲದ ಚಾಕು ಇಟ್ಕೊಂಡಿದೀನಿ. ಹತ್ತೂ ಬೆರಳು ಇದಾವೆ."

"ಒಂಬತ್ತೂವರೆ."

"ಅದು ಲೇತಿಗೆ ಹೋಗಿದ್ದು. ಚಾಕುವಿನ ಲೆಕ್ಕಕ್ಕೆ ಸೇರಿಸಬೇಡ."

ನದೀನ್ ಕಾಫಿ ಸುರಿಯುತ್ತ, "ಇಷ್ಟು ದುಡ್ಡು ಕೊಟ್ಟಿದೀರಲ್ಲ, ಏನು ಕತ್ತರಿಸ್ತೀರಿ ಇದರಲ್ಲಿ?" ಅಂತ ಕೇಳಿದಳು.

"ಏನೂ ಕತ್ತರಿಸಬಾರದು ತಾಯಿ," ರಾಯ್ಸ್ ಗಾಬರಿಯಾದ. "ಒಂದು ಸೇಬು ಹೆಚ್ಚಿದ್ರೆ ಅಲಗಿಗೆ ಕಲೆ ಬರುತ್ತೆ, ಬೆಲೆ ಅರ್ಧ ಬಿದ್ದುಹೋಗುತ್ತೆ."

"ಹಾಗಾದ್ರೆ ಅದು ಚಾಕು ಅಲ್ಲ ಬಿಡಿ," ಅಂದು ಅವಳು ಮುಂದಿನ ಮೇಜಿಗೆ ಹೋದಳು.

"ಅವಳು ಹೇಳಿದ್ದೇ ಸರಿ," ಅಂದ ಎಜೆಲ್. "ಇನ್ನೂರರ ಚಾಕು ಕತ್ತರಿಸುತ್ತೆ. ಮೇಲಿನ ಇನ್ನೂರ ಎಂಬತ್ತೈದು ಬರೀ ಜಿಂಕೆಕೊಂಬಿನ ಹಿಡಿಗೆ."

"ಮೂರು ವರ್ಷ ಕಾಯೋದಕ್ಕೆ," ಅಂದ ರಾಯ್ಸ್. "ಅದಕ್ಕೂ ಬೆಲೆ ಇಲ್ವೇನೋ?"

ಇಬ್ಬರ ವಾದ ಥರ್ಮನ್‌ಗೆ ಗೋಡೆಯಾಚೆ ಯಾರೋ ಮಾತಾಡಿದ ಹಾಗೆ ಕೇಳುತ್ತಿತ್ತು. ಮೊದಲಾಗಿದ್ದರೆ ಒಮ್ಮೆ ಎಜೆಲ್‌ನ ಪರ, ಒಮ್ಮೆ ರಾಯ್ಸ್‌ನ ಪರ ಮಾತಾಡಿ ಅವನೇ ಬೆಂಕಿ ಹಚ್ಚುತ್ತಿದ್ದ.

"ಮಾರ್ತೀನಿ," ಅಂದ.

ರಾಯ್ಸ್ ಅವನ ಮುಖ ನೋಡಿದ. "ನಿಜವಾಗ್ಲೂ? ಆರು ನೂರು ಕೊಡ್ತೀನಿ. ಈಗಲೇ." ಪರ್ಸು ಮೇಜಿನ ಮೇಲೆ ಬಂತು.

"ತಡಿ, ಡಬ್ಬಿ ನೋಡೋಣ," ಅಂದ ಎಜೆಲ್. ಕೊಳ್ಳುವವರ ರೂಢಿ ಅದು. ಡಬ್ಬಿ, ಚೀಟಿ, ಎಣ್ಣೆ ಬಟ್ಟೆ, ಎಲ್ಲ ಇರಬೇಕು. ಒಂದಿಲ್ಲದಿದ್ದರೂ ಬೆಲೆ ಇಳಿಯುತ್ತದೆ. ಬಟ್ಟೆ ಇತ್ತು, ಬಿಲ್ಲು ಇತ್ತು. ತಳದ ಮೆತ್ತೆಯನ್ನು ಉಗುರಿನಿಂದ ಎತ್ತಿದ. ಕೆಳಗೊಂದು ಕಾರ್ಡು, ಅದಕ್ಕೆ ಟೇಪು ಹಾಕಿ ಅಂಟಿಸಿದ ಒಂದು ಸೆಂಟಿನ ತಾಮ್ರದ ನಾಣ್ಯ. ಪೆನ್ಸಿಲಿನಲ್ಲಿ ಸೈಪ್ಸ್ ಬರೆದಿದ್ದ. ಎಜೆಲ್ ಓದಲು ಶುರುಮಾಡಿ, ನಡುವೆ ದನಿ ಇಳಿಸಿದ: "ವರ್ನಾ ಲಾಫ್ಟಿಸ್ ಅವರು ಇದನ್ನು ಮರೆಯದೆ ಇಡಿ ಅಂದಿದ್ದರು. ನಿಮಗೆ ಗೊತ್ತಾಗುತ್ತದಂತೆ."

ಗೊತ್ತಿಲ್ಲದೆ ಏನು. ಚಾಕುವನ್ನು ಯಾರಿಗೂ ಸುಮ್ಮನೆ ಕೊಡುವ ಹಾಗಿಲ್ಲ, ಕೊಟ್ಟವರ ತಗೊಂಡವರ ನಂಟನ್ನೇ ಕತ್ತರಿಸುತ್ತದೆ ಅನ್ನುವುದು ಅಲ್ಲಿಯ ನಂಬಿಕೆ. ಅದಕ್ಕೇ ಕೊಡುವವರು ಜೊತೆಗೊಂದು ಸೆಂಟು ಇಡುತ್ತಾರೆ. ತಗೊಂಡವರು ಅದನ್ನೇ ವಾಪಸು ಕೊಡಬೇಕು. ಆಗ ಅದು ಕೊಂಡ ಚಾಕು.

ರಾಯ್ಸ್ ಪರ್ಸನ್ನು ಜೇಬಿಗಿಳಿಸಿದ.

"ಯಾಕೆ?" ಅಂದ ಥರ್ಮನ್.

"ನೀನಿನ್ನೂ ಸೆಂಟು ಕೊಟ್ಟಿಲ್ವಲ್ಲೋ. ನಿಂದಲ್ಲದ ಚಾಕು ನನಗೆ ಹೇಗೆ ಮಾರ್ತೀಯ?"

"ಅದೆಲ್ಲ ಹಳೇ ಕಾಲದ ನಂಬಿಕೆ ಬಿಡು."

"ಓಹೋ. ನಾನು ಚಾಕು ಕೊಟ್ಟಾಗ ನನ್ನ ಅಳಿಯ ಸೆಂಟು ಕೊಡೋದು ಮರೆತ ಅಂತ ಅವನ ಕಾರಿನ ಹಿಂದೆ ನನ್ನ ಓಡಿಸಿದ್ಯಾರು? ಮಂಡಿಗೆ ಆಪರೇಷನ್ ಆಗಿ ತಿಂಗಳಾಗಿರಲಿಲ್ಲ ನನಗೆ."

"ಯಾರಿಗೆ ಕೊಡ್ಲಿ ರಾಯ್ಸ್?" ಥರ್ಮನ್ ಸುಮ್ಮನೆ ಕೇಳಿದ, ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದ ಹಾಗೆ.

ಎಜೆಲ್ ಡಬ್ಬಿ ಮುಚ್ಚಿ ಥರ್ಮನ್ ಕಡೆ ತಳ್ಳಿದ. "ಅದು ನಿನಗೆ ಬಿಟ್ಟಿದ್ದಪ್ಪ. ಮೊದಲು ಕೊಟ್ಟು ಬಾ. ಆಮೇಲೂ ಮಾರಬೇಕು ಅನ್ನಿಸಿದ್ರೆ ನೋಡೋಣ."

ಮನೆಯಲ್ಲಿ ಫ್ರಿಜ್ ಪಕ್ಕದ ಕುರ್ಚಿಯ ಮೇಲೆ ವರ್ನಾಳ ಕಂದು ಬಣ್ಣದ ಕೈಚೀಲ ಇಟ್ಟಲ್ಲೇ ಇತ್ತು. ಆಸ್ಪತ್ರೆಯಿಂದ ತಂದು ಇಟ್ಟಿದ್ದು. ನಾದಿನಿ ಬಂದು ಬಟ್ಟೆಬರೆಯೆಲ್ಲ ಕಟ್ಟಿ ಒಯ್ದಾಗ, ಅದೊಂದು ಇರಲಿ ಬಿಡು ಅಂದಿದ್ದ. ಒಂದು ದಿನವೂ ತೆರೆದಿರಲಿಲ್ಲ. ಈಗ ಅದರ ಮುಂದೆ ನಿಂತು ಕಾರ್ಡಿನಿಂದ ನಾಣ್ಯ ಕಿತ್ತ. ಹಿತ್ತಾಳೆಯ ಕೊಂಡಿ ಬಿಡಿಸಿದ. ಕನ್ನಡಕ, ಔಷಧದಂಗಡಿಯ ಚೀಟಿ, ಚಿಲ್ಲರೆಯ ಪುಟ್ಟ ಪರ್ಸು. ಅದರೊಳಗೆ ಸೆಂಟು ಹಾಕಿದ. ಉಳಿದ ಚಿಲ್ಲರೆಯ ಜೊತೆ ಬೆರೆತು ಯಾವುದು ಅಂತ ಗೊತ್ತಾಗದ ಹಾಗಾಯಿತು.

ಚೀಲ ಮುಚ್ಚಿದಾಗ ಕೊಂಡಿ ಟಕ್ ಅಂದಿತು. ಒಳ್ಳೆಯ ಸದ್ದು. ಬಿಗಿಯೂ ಸರಿಯಾಗಿತ್ತು, ಎಜೆಲ್ ಕೂಡ ತಪ್ಪು ಹುಡುಕಲಾರ. ಇನ್ನೊಂದು ಸಲ ಕೇಳೋಣವೆಂದು ತೆರೆದ. ಆಗ ಕಂಡವು, ಮೂಲೆಯಲ್ಲಿ ಎರಡು ಪೊಟ್ಟಣ ಉಪ್ಪು ಬಿಸ್ಕತ್ತು. ನದೀನಳ ಹೋಟೆಲಿನಲ್ಲಿ ಸೂಪಿನ ಜೊತೆ ಕೊಡುವಂಥವು. ವರ್ನಾ ಯಾವಾಗಲೂ ಎರಡನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು, ಅವನು ನಾಚಿಕೆಯಿಂದ ಆಚೆ ನೋಡುತ್ತಿದ್ದ.

ಪೊಟ್ಟಣದ ಅಂಚು ಬೆರಳಿಗೆ ಹರಿಯಲಿಲ್ಲ. ಅವನು ಸೈಪ್ಸ್ ಚಾಕು ತೆಗೆದು ಉಗುರು ಸಿಕ್ಕಿಸಿ ಬಿಡಿಸಿದ, ಪ್ಲಾಸ್ಟಿಕ್ಕನ್ನು ಒಂದೇ ಎಳೆತಕ್ಕೆ ಸೀಳಿದ. ಬಿಸ್ಕತ್ತು ಮೆತ್ತಗಾಗಿಹೋಗಿತ್ತು. ನಿಂತುಕೊಂಡೇ ತಿಂದ. ಎರಡನೆಯದನ್ನು ತಿನ್ನುವಾಗ ಉಪ್ಪಿನ ರುಚಿ ನಾಲಿಗೆಗೆ ತಾಗಿತು, ಏಳು ವಾರದಲ್ಲಿ ಮೊದಲ ಸಲ. ಅಲಗಿನ ಮೇಲಿನ ಉಪ್ಪಿನ ಪುಡಿಯನ್ನು ಒರೆಸಬೇಕಿತ್ತು, ಒರೆಸಲಿಲ್ಲ. ಹಾಗೇ ಮಡಿಸಿ ಪ್ಯಾಂಟಿನ ಬಲಜೇಬಿಗೆ ಹಾಕಿಕೊಂಡ.